ಮೇಲ್ಮಣ್ಣು

ಮಣ್ಣಿನ ಗುಡ್ಡೆ ಅರ್ಧಕ್ಕೆ ಇಳಿದಿತ್ತು. ನಾರಾಯಣಮ್ಮ ಬದುವಿನ ಮೇಲೆ ನಿಂತು, ತಲೆಯ ಮೇಲಿದ್ದ ಗಂಟನ್ನು ಕೆಳಗಿಳಿಸಿ, ಮತ್ತೊಮ್ಮೆ ನೋಡಿದಳು. ಅಂಜನಾಪುರದ ತಂಗಿಯ ಮನೆಯಲ್ಲಿ ಹದಿನೈದು ದಿನ ಇದ್ದು ಈಗಷ್ಟೇ ನಡೆದು ಬಂದಿದ್ದಳು. ಊರೊಳಕ್ಕೆ ಹೋಗುವ ಮೊದಲು ಹೊಲದ ಕಡೆ ಕಣ್ಣು ಹಾಯಿಸೋಣವೆಂದು ಈ ದಾರಿ ಹಿಡಿದಿದ್ದಳು. ಮೂಡಣ ಮೂಲೆಯಲ್ಲಿ ಆಳೆತ್ತರಕ್ಕಿದ್ದ ಗುಡ್ಡೆ ಈಗ ಅವಳ ಸೊಂಟದ ಮಟ್ಟಕ್ಕೆ ಬಂದಿತ್ತು. ಸನಿಕೆ ಕೆತ್ತಿದ ಜಾಗ ಇನ್ನೂ ಹಸಿಯಾಗಿತ್ತು. ಅದರ ಬುಡದಿಂದ ಹೊರಟ ಲಾರಿ ಚಕ್ರದ ಗುರುತು ಜಲ್ಲಿ ಹಾಸಿದ ದಾರಿಯನ್ನು ಸೇರಿ ಹೊಸಕೆರೆಹಳ್ಳಿಯ ಕಡೆಗೆ ತಿರುಗಿತ್ತು.

ಆಚೆ ಬೋರು ಯಂತ್ರದ ಎತ್ತರದ ಕಂಬವನ್ನು ಇಳಿಸಿ ಲಾರಿಯ ಮೇಲೆ ಮಲಗಿಸಿ ಹಗ್ಗ ಬಿಗಿದಿದ್ದರು. ಡೇರೆ ಬಿಚ್ಚುತ್ತಿದ್ದರು. ಕಂಪನಿ ಹೊರಟಿತ್ತು.

ಹೋದ ವರ್ಷ ಸಂಕ್ರಾಂತಿ ಕಳೆದ ಮೇಲೆ ಆ ಗಣಿ ಕಂಪನಿಯವರು ಚಿಕ್ಕಲಸಂದ್ರಕ್ಕೆ ಬಂದದ್ದು. ನೆಲದ ಆಳದಲ್ಲಿ ಯಾವುದೋ ಅದಿರಿನ ಎಳೆ ಇರಬಹುದು, ಇದ್ದರೆ ಸುರಂಗ ತೋಡುತ್ತೇವೆ, ಅದಕ್ಕೆ ಮೊದಲು ಅಲ್ಲಲ್ಲಿ ಬೋರು ಕೊರೆದು ನೋಡಬೇಕು ಅಂದಿದ್ದರು. ಊರಿನಲ್ಲಿ ಎಲ್ಲರ ಬಾಯಲ್ಲೂ ಅದೇ ಮಾತು. ಗಣಿ ಬಂದರೆ ಮನೆಗೊಂದು ಕೆಲಸ ಸಿಕ್ಕೀತು ಎಂದು ಕೆಲವರು, ಬಾವಿಗಳೆಲ್ಲ ಬತ್ತಿ ಹೋದಾವು ಎಂದು ಕೆಲವರು. ನಾರಾಯಣಮ್ಮನ ಬಾವ ತಿಮ್ಮರಾಯಪ್ಪ ಊರಿಗೆ ದೊಡ್ಡವನು. ಅವನೇ ಮುಂದೆ ನಿಂತು ತಮ್ಮನ ಪಾಲಿನ ಹೊಲವನ್ನು ಕಂಪನಿಗೆ ತೋರಿಸಿದ. ತಮ್ಮ ಚಿಕ್ಕಬೈರಪ್ಪ ಅಣ್ಣನ ಮಾತಿಗೆ ತಲೆಯಾಡಿಸಿದ. ತನ್ನ ಗಂಡ ಅಣ್ಣನ ಎದುರು ತಲೆಯಾಡಿಸುವುದು ಬಿಟ್ಟು ಬೇರೇನಾದರೂ ಮಾಡಿದ್ದನ್ನು ನಾರಾಯಣಮ್ಮ ಮದುವೆಯಾಗಿ ಬಂದಾಗಿನಿಂದ ಕಂಡಿರಲಿಲ್ಲ.

ಹೊಲದ ಇಳಿಜಾರನ್ನು ಕಡಿದು ಮಟ್ಟ ಮಾಡಲು ಆಳುಗಳು ಬಂದ ದಿನ ಅವಳು ಅಲ್ಲಿಗೆ ಹೋಗಿ ಕಂಪನಿಯ ಇಂಜಿನಿಯರನ್ನು ನೇರವಾಗಿ ಕೇಳಿದ್ದಳು. ಆತ ಚಕ್ರಪಾಣಿ, ಜಯನಗರದವನು, ಇನ್ನೂ ಮೂವತ್ತು ದಾಟದ ಹುಡುಗ.

"ನನ್ ಮಣ್ಣು ಎಲ್ಲೋಗ್ತೈತೆ ಸಾಮಿ?"

ಅವನು ನಕ್ಕಿರಲಿಲ್ಲ. ಕೆಳಗೆ ಕೂತು, ಕೈಯಿಂದಲೇ ನೆಲ ಬಗೆದು ತೋರಿಸಿದ್ದ. "ನೋಡಿ ಅಮ್ಮ, ಈ ಕರೀ ಮಣ್ಣಿದೆಯಲ್ಲ, ಇದನ್ನ ಮೊದಲು ಕೆರೆದು ಒಂದು ಕಡೆ ಗುಡ್ಡೆ ಹಾಕ್ತೀವಿ. ಇದರ ಕೆಳಗಿನ ಗೊರಚಲು ಇನ್ನೊಂದು ಕಡೆ. ಹೋಗೋವಾಗ ಗೊರಚಲು ಕೆಳಕ್ಕೆ, ಮೇಲ್ಮಣ್ಣು ಮೇಲಕ್ಕೆ. ಬೋರು ಎಲ್ಲಿತ್ತು ಅಂತ ನಿಮಗೇ ಗೊತ್ತಾಗಬಾರದು, ಹಾಗೆ ಮಾಡಿ ಕೊಡ್ತೀನಿ."

ಆ ಕರೀ ಮಣ್ಣು ಆ ಹೊಲದಲ್ಲಿ ಹುಟ್ಟಿದ್ದಲ್ಲ. ಅಲ್ಲಿದ್ದದ್ದು ಬರೀ ಕೆಂಪು ಕಲ್ಲುಮಣ್ಣಿನ ಗೊರಚಲು. ಬೇಸಗೆಯಲ್ಲಿ ಕೆರೆ ಬತ್ತಿದಾಗಲೆಲ್ಲ ಅವಳ ಅತ್ತೆ ಮಂಕರಿಯಲ್ಲಿ ಕೆರೆ ತಳದ ಕರೀ ಗೋಡು ಹೊತ್ತು ತಂದು ಸುರಿದಿದ್ದಳು. ಸೊಸೆಯಾಗಿ ಬಂದ ವರ್ಷದಿಂದ ನಾರಾಯಣಮ್ಮನೂ ಹೊತ್ತಿದ್ದಳು. ಬಸುರಿಯಾಗಿದ್ದಾಗ ಅತ್ತೆ ಮಂಕರಿ ಮುಟ್ಟಲು ಬಿಟ್ಟಿರಲಿಲ್ಲ, ಆದರೂ ಇವಳು ಕಣ್ಣು ತಪ್ಪಿಸಿ ಹೊತ್ತಿದ್ದಳು. ಗೋಡಿನ ಮೇಲೆ ತಿಪ್ಪೆಗೊಬ್ಬರ, ಅದರ ಮೇಲೆ ಕುರಿ ಮಂದೆ. ಈಗ ಆ ಹೊಲದ ರಾಗಿ ತೆನೆ ಹಿಡಿದರೆ ಮುಷ್ಟಿ ತುಂಬುತ್ತಿತ್ತು. ಸಾಲಿನ ನಡುವಿನ ಅವರೆಯ ಸೊಗಡು ಊರ ಬಾಗಿಲಿಗೆ ಬರುತ್ತದೆಂದು ಜನ ಹೇಳುತ್ತಿದ್ದರು.

ವರ್ಷಕ್ಕೂ ಹೆಚ್ಚು ಕಾಲ ಕಂಪನಿ ಕೊರೆಯಿತು. ಉದ್ದುದ್ದ ಕಲ್ಲಿನ ತುಂಡುಗಳನ್ನು ಪೆಟ್ಟಿಗೆಗಳಲ್ಲಿ ಜೋಡಿಸಿ ಕಳಿಸಿತು. ಕೊನೆಗೆ ಇಲ್ಲಿ ಏನೂ ಇಲ್ಲ, ಗಣಿ ಆಗುವುದಿಲ್ಲ ಎಂದು ತೀರ್ಮಾನವಾಯಿತು. ನಾರಾಯಣಮ್ಮನಿಗೆ ಆವತ್ತು ಸಮಾಧಾನವೇ ಆಗಿತ್ತು.

ಅವಳು ಗಂಟನ್ನು ಬದುವಿನ ಮೇಲೆಯೇ ಬಿಟ್ಟು ಡೇರೆಗಳತ್ತ ನಡೆದಳು. ಚಕ್ರಪಾಣಿ ಬೋರಿನ ಬಾಯಲ್ಲಿ ನೆಲದಿಂದ ಮೇಲೆ ಚಾಚಿದ್ದ ಕಬ್ಬಿಣದ ಕೊಳವೆಯ ಬಳಿ ನಿಂತು ಯಾರಿಗೋ ಏನೋ ಹೇಳುತ್ತಿದ್ದ. ಪಕ್ಕದಲ್ಲಿ ಗಂಗಾಧರಯ್ಯ ಕೊಡೆ ಊರಿಕೊಂಡು ನಿಂತಿದ್ದ. ನೆಲ ಮಟ್ಟ ಮಾಡುವುದು, ದಾರಿ ಹಾಕುವುದು, ಎಲ್ಲ ಮುಗಿದ ಮೇಲೆ ಗುಂಡಿ ಮುಚ್ಚಿ ಮೊದಲಿನಂತೆ ಮಾಡುವುದು, ಇಷ್ಟಕ್ಕೂ ಅವನೇ ಗುತ್ತಿಗೆದಾರ.

"ಗುಡ್ಡೆ ಏನಾಯ್ತು ಸಾಮಿ?" ಅಂದಳು.

ಚಕ್ರಪಾಣಿ ತಿರುಗಿ ಮೂಡಣ ಮೂಲೆಯತ್ತ ನೋಡಿದ. ಅವನಿಗೂ ಅದು ಹೊಸದೆಂದು ಮುಖವೇ ಹೇಳುತ್ತಿತ್ತು. "ನಾನು ಹೆಡ್ಡಾಫೀಸಿಗೆ ಹೋಗಿದ್ದೆ ಅಮ್ಮ, ಇವತ್ತು ಬಂದೆ. ಏನ್ರೀ ಗಂಗಾಧರಯ್ಯ?"

"ಹೆಚ್ಚಾಗಿದ್ದ ಮಣ್ಣು ಸಾರ್. ಅಲ್ಲಿ ಬಿದ್ದಿತ್ತು, ಇಟ್ಟಿಗೆ ಗೂಡಿಗೆ ಹೊಡೆಸಿದೆ. ತಿಮ್ಮರಾಯಪ್ಪನೋರನ್ನ ಕೇಳೇ ಹೊಡೆಸಿದ್ದು. ಮಿಕ್ಕಿದ್ದನ್ನ ಮೇಲ್ ಮೇಲೆ ಹರಡಿಸ್ತೀನಿ ಬಿಡಿ, ಹಸಿರು ಬಂದ್ಮೇಲೆ ಯಾರಿಗ್ ಕಾಣತ್ತೆ?"

"ಬಾವನ್ನ ಕೇಳಿದ್ರಾ?" ನಾರಾಯಣಮ್ಮ ಅಂದಳು. "ಒಲ ಅವರ್ದಲ್ಲ."

"ಮನೆ ಯಜಮಾನರು ಅವರಲ್ಲವೇನಮ್ಮ?"

ಚಕ್ರಪಾಣಿ ನಡುವೆ ಬಂದ. "ನೋಡೋಣ ಅಮ್ಮ. ಬೇರೆ ಕಡೆಯಿಂದ ಒಳ್ಳೆ ಮಣ್ಣು ತರಿಸೋಕ್ಕಾಗುತ್ತಾ ಅಂತ ವಿಚಾರಿಸ್ತೀನಿ. ಇಲ್ಲ ಅಂದ್ರೆ ಪರಿಹಾರ ಕೊಡಿಸೋದಕ್ಕೆ..." ಮಾತು ಮುಗಿಸುವ ಮೊದಲೇ ಅವನ ಕಣ್ಣು ಕೈಗಡಿಯಾರದ ಮೇಲೆ ಬಿತ್ತು. ಯಂತ್ರ ಬೇರೊಂದು ಜಿಲ್ಲೆಗೆ ಹೊರಡಬೇಕಿತ್ತು, ಅಲ್ಲಿ ಆಗಲೇ ಜನ ಕಾಯುತ್ತಿದ್ದರು.

ನಾರಾಯಣಮ್ಮ ಅವನು ಗಡಿಯಾರ ನೋಡಿದ್ದನ್ನು ನೋಡಿದಳು. ಬದುವಿನ ಮೇಲೆ ಬಿಟ್ಟಿದ್ದ ಗಂಟು ಎತ್ತಿಕೊಂಡು ಊರಿಗೆ ನಡೆದಳು.

ತಿಮ್ಮರಾಯಪ್ಪ ಜಗಲಿಯ ಮೇಲೆ ಎಲೆ ಅಡಿಕೆ ಹಾಕಿಕೊಳ್ಳುತ್ತಾ ಕೂತಿದ್ದ. ಚಿಕ್ಕಬೈರಪ್ಪ ಕೆಳಗಿನ ಮೆಟ್ಟಿಲ ಮೇಲೆ ಹಗ್ಗ ಹೊಸೆಯುತ್ತಿದ್ದ. ಆ ಮನೆಯಲ್ಲಿ ಸೊಸೆಯಂದಿರು ಬಾವನ ಎದುರು ನಿಂತು ಮಾತಾಡುವ ಪದ್ಧತಿ ಇರಲಿಲ್ಲ. ಹೇಳುವುದೇನಿದ್ದರೂ ಕಂಬದ ಮರೆಯಿಂದ, ಗಂಡನ ಕಡೆ ಮುಖ ಮಾಡಿ ಹೇಳಬೇಕಿತ್ತು. ನಾರಾಯಣಮ್ಮ ಕಂಬದ ಹತ್ತಿರ ಒಂದು ಗಳಿಗೆ ನಿಂತಳು. ಆಮೇಲೆ ಈಚೆ ಬಂದು ಅವನ ಮುಂದೆಯೇ ನಿಂತಳು.

"ಗೂಡಿಗೆ ಮಣ್ಣು ಹೊಡ್ಕೊಳ್ಳಿ ಅಂತ ನೀವೇಳಿದ್ರಾ ಬಾವ?"

ತಿಮ್ಮರಾಯಪ್ಪ ಸುಣ್ಣದ ಬೆರಳನ್ನು ಎಲೆಗೆ ಒರೆಸುತ್ತಾ ತಮ್ಮನ ಕಡೆ ನೋಡಿದ. "ಏನ್ಲಾ ಇದು?" ಎಂದ. ಚಿಕ್ಕಬೈರಪ್ಪ ಹಗ್ಗ ಹೊಸೆಯುತ್ತಲೇ ಇದ್ದ.

"ಅವರ್ನಲ್ಲ, ನಿಮ್ಮನ್ ಕೇಳ್ತಿರೋದು."

"ಹೌದು, ಏಳಿದೆ. ಈಗೇನು? ಅಲ್ಲಿ ಜಯನಗರ ಎಲ್ಲೀಗಂಟ ಬಂದೈತೆ ನೋಡಿದ್ದೀಯಾ? ಇನ್ನು ನಾಕೊರ್ಸಕ್ಕೆ ಈ ಒಲಗಳೆಲ್ಲ ಸೈಟಾಗ್ತವೆ. ಸೈಟಿಗೆ ಕರೀ ಮಣ್ಣು ಯಾಕೆ? ಗೂಡಿನೋರು ನಮಗೆ ಬೇಕಾದೋರು. ನಾಳೆ ನಾವು ಮನೆ ಕಟ್ಟೋವಾಗ ಇಟ್ಟಿಗೆ ಕೊಡ್ತಾರೆ."

"ಯಾರೊಲ ಸೈಟಾಗ್ತದೋ ಆಗ್ಲಿ. ನಂದು ಈ ವರ್ಸ ರಾಗಿ ಒಲ. ಮಳೆ ಬರೋದ್ರೊಳಗೆ ನನ್ ಮಣ್ಣು ನಂಗೆ ಬರಬೇಕು."

"ಬರ್ದಿದ್ರೆ?"

"ಬರ್ತದೆ ಬಾವ," ಅಂದಳು ನಾರಾಯಣಮ್ಮ. ಅವಳ ದನಿ ಏರಲಿಲ್ಲ. "ಅತ್ತೆ ಹೊತ್ತಿದ್ದು ಅದು. ನಿಮ್ಮವ್ವ. ನೀವು ಒಂದು ಮಂಕರೀನೂ ಹೊತ್ತೋರಲ್ಲ, ನಿಮಗೆ ಅದರ ಭಾರ ಗೊತ್ತಿಲ್ಲ."

ತಿಮ್ಮರಾಯಪ್ಪನ ಹೆಂಡತಿ ಒಳಗಿನಿಂದ ಬಂದವಳು ಬಾಗಿಲಲ್ಲೇ ನಿಂತುಬಿಟ್ಟಳು. ತಿಮ್ಮರಾಯಪ್ಪ ಎಲೆಯನ್ನು ಬಾಯಿಗೆ ಹಾಕಿಕೊಂಡು ಬೀದಿಯ ಕಡೆ ಮುಖ ತಿರುಗಿಸಿದ. ಚಿಕ್ಕಬೈರಪ್ಪನ ಕೈಯಲ್ಲಿದ್ದ ಹಗ್ಗ ಹುರಿ ಬಿಚ್ಚಿಕೊಂಡು ನೇತಾಡುತ್ತಿತ್ತು.

ಮಾರನೇ ಬೆಳಗ್ಗೆ ಹೊತ್ತು ಮೂಡುತ್ತಲೇ ಯಂತ್ರದ ಲಾರಿ ಗುಡುಗುಟ್ಟಿತು. ಹೊಲದಿಂದ ಹೊರಕ್ಕೆ ಇದ್ದದ್ದು ಆ ಜಲ್ಲಿ ದಾರಿಯೊಂದೇ, ಒಂದು ಕಡೆ ಕೆರೆ ಕಾಲುವೆ, ಇನ್ನೊಂದು ಕಡೆ ಕತ್ತಾಳೆ ಬೇಲಿ. ಲಾರಿ ಬೇಲಿಯ ತಿರುವಿಗೆ ಬಂದು ನಿಂತಿತು. ದಾರಿಗೆ ಅಡ್ಡಲಾಗಿ ಎತ್ತಿನ ಗಾಡಿಗಳೆರಡು ಮುಂದಿನ ಮೂಕಿ ಮರವನ್ನು ನೆಲಕ್ಕೆ ಊರಿ ನಿಂತಿದ್ದವು. ಒಂದು ನಾರಾಯಣಮ್ಮನದು, ಇನ್ನೊಂದನ್ನು ಪಕ್ಕದ ಮನೆಯಿಂದ ಕೇಳಿ ತಂದಿದ್ದಳು. ಎತ್ತುಗಳನ್ನು ಬಿಚ್ಚಿ ಮನೆಗೆ ಅಟ್ಟಿದ್ದಳು. ಅವಳು ಮೂಕಿಯ ಮೇಲೆ ಕೂತು ಸೆರಗಿನಲ್ಲಿದ್ದ ಹುರಿಗಡಲೆ ತಿನ್ನುತ್ತಿದ್ದಳು.

ಡ್ರೈವರ್ ಹಾರ್ನ್ ಮಾಡಿದ. ಅವಳು ತಿನ್ನುವುದನ್ನು ನಿಲ್ಲಿಸಲಿಲ್ಲ.

ಗಂಗಾಧರಯ್ಯ ಓಡಿ ಬಂದ. "ಏನಮ್ಮ ಇದು, ಗಾಡಿ ತೆಗೀರಿ. ಗೌರ್ಮೆಂಟ್ ದಾರಿ ಇದು."

"ಗೌರ್ಮೆಂಟ್ ದಾರಿ ಅಲ್ಲಿಗೆ ಮುಗೀತದೆ, ಆ ಹೊಂಗೆ ಮರಕ್ಕೆ. ಇಲ್ಲೀಗಂಟ ನಮ್ಮೊಲ. ಜಲ್ಲಿ ಹಾಕಿದ್ದು ನೀವು."

"ಯಂತ್ರ ಹೋಗಬೇಕಮ್ಮ!"

"ಹೋಗಲಿ. ಮಣ್ಣು ಬರ್ಲಿ, ಯಂತ್ರ ಹೋಗಲಿ."

ಸುದ್ದಿ ಹರಡಿ ಜನ ಸೇರತೊಡಗಿದರು. ಚಕ್ರಪಾಣಿ ಬಂದ. ಮೊದಲು ಸಿಟ್ಟಿನಲ್ಲಿಯೇ ಬಂದ. "ನಿಮ್ಮ ಕಷ್ಟ ನಂಗೆ ಅರ್ಥ ಆಗುತ್ತೆ, ಆದ್ರೆ ಹೀಗೆ ಮಾಡಿದ್ರೆ ನಾನು ಏನ್ ಮಾಡ್ಲಿ? ಇವತ್ತು ಯಂತ್ರ ಹೊರಡದಿದ್ರೆ ನನ್ನ ಕೆಲಸಕ್ಕೇ ಕುತ್ತು."

"ನೀವು ಮಾತು ಕೊಟ್ಟಿದ್ರಿ ಸಾಮಿ. ಕೆಳಗೆ ಕೂತು, ಕೈಯಲ್ಲಿ ಮಣ್ಣು ಹಿಡ್ಕೊಂಡು ಕೊಟ್ಟಿದ್ರಿ." ನಾರಾಯಣಮ್ಮ ಹುರಿಗಡಲೆಯ ಕೈ ಕೊಡವಿದಳು. "ಬೇರೆ ಯಾರಾದ್ರೂ ಕೊಟ್ಟಿದ್ರೆ ನಾನು ನಂಬ್ತಿರ್ಲಿಲ್ಲ."

ಅಷ್ಟರಲ್ಲಿ ತಿಮ್ಮರಾಯಪ್ಪ ಬಂದಿದ್ದ, ಹಿಂದೆ ಚಿಕ್ಕಬೈರಪ್ಪ. ತಿಮ್ಮರಾಯಪ್ಪ ತಮ್ಮನ ಹೆಂಡತಿಯ ಕಡೆ ನೋಡಲೂ ಇಲ್ಲ. ಜನರೆಲ್ಲ ಕೇಳುವಂತೆ ತಮ್ಮನಿಗೆ ಹೇಳಿದ: "ಬೈರ, ಹೋಗಿ ಗಾಡಿ ಎಳೆದು ಪಕ್ಕಕ್ಕಾಕು. ಊರ್ ಮುಂದೆ ಮಾನ ಕಳೀಬೇಡ."

ಚಿಕ್ಕಬೈರಪ್ಪ ಮುಂದೆ ಬಂದ. ಜನ ದಾರಿ ಬಿಟ್ಟರು. ನಾರಾಯಣಮ್ಮ ಮೂಕಿಯಿಂದ ಇಳಿದು ನಿಂತಳು. ಗಂಡನ ಮುಖ ನೋಡಿದಳು, ಅಲ್ಲಿ ಏನೂ ಗೊತ್ತಾಗಲಿಲ್ಲ. ಅವನು ತಮ್ಮ ಗಾಡಿಯ ಸುತ್ತ ಒಮ್ಮೆ ತಿರುಗಿದ. ಚಕ್ರದ ಹತ್ತಿರ ಕೂತ. ಒಂದು ಕಲ್ಲು ತೆಗೆದುಕೊಂಡು, ಚಕ್ರ ಕಳಚದಂತೆ ಅಚ್ಚಿಗೆ ತೂರಿಸಿದ್ದ ಕಡಾಣಿಯ ತುದಿಗೆ ಮೆಲ್ಲನೆ ಎರಡು ಏಟು ಹಾಕಿ ಅದನ್ನು ಎಳೆದು ತೆಗೆದ. ಆಮೇಲೆ ಭುಜ ಕೊಟ್ಟು ಗಾಡಿಯನ್ನು ಎತ್ತಿ, ಚಕ್ರವನ್ನು ಅಚ್ಚಿನಿಂದ ಈಚೆಗೆ ಎಳೆದ. ಗಾಡಿ ದಡ್ ಎಂದು ಒಂದು ಕಡೆಗೆ ವಾಲಿ ಅಚ್ಚಿನ ಮೇಲೆ ಕೂತುಬಿಟ್ಟಿತು. ಅವನು ಕಡಾಣಿಯನ್ನು ಸೊಂಟದ ಪಂಚೆಗೆ ಸಿಕ್ಕಿಸಿಕೊಂಡು ಎದ್ದು ನಿಂತ.

"ಗಾಡಿ ಕೆಟ್ಟೈತಣ್ಣ," ಅಂದ.

ಯಾರೋ ಹಿಂದಿನಿಂದ ನಕ್ಕರು. ತಿಮ್ಮರಾಯಪ್ಪ ತಮ್ಮನನ್ನು ದುರುಗುಟ್ಟಿ ನೋಡಿದ. ಚಿಕ್ಕಬೈರಪ್ಪ ಕಣ್ಣು ಇಳಿಸಲಿಲ್ಲ. ಕೊನೆಗೆ ತಿಮ್ಮರಾಯಪ್ಪನೇ ಕೆಮ್ಮಿ, ಉಗುಳಿ, ಊರ ಕಡೆ ತಿರುಗಿದ.

ಚಕ್ರಪಾಣಿ ವಾಲಿದ ಗಾಡಿಯನ್ನೂ, ಹಿಂದೆ ಎಂಜಿನ್ ಆರಿಸಿ ನಿಂತ ಲಾರಿಯನ್ನೂ ನೋಡಿದ. ಕನ್ನಡಕ ತೆಗೆದು ಒರೆಸಿಕೊಂಡ. "ಗಂಗಾಧರಯ್ಯ," ಅಂದ, "ಆ ಅಮ್ಮನಿಗೆ ಮಾತು ಕೊಟ್ಟಿದ್ದು ನಾನು. ಮಣ್ಣು ವಾಪಸ್ ಬರೋತನಕ ಯಂತ್ರ ಇಲ್ಲೇ ಇರುತ್ತೆ, ನಿಮ್ಮ ಕೆಲಸ ಆಯ್ತು ಅಂತಾನೂ ನಾನು ಒಪ್ಪಲ್ಲ. ನಡೀರಿ, ಗೂಡಿಗೆ ಹೋಗೋಣ."

"ನಾನೂ ಬತ್ತೀನಿ," ಅಂದಳು ನಾರಾಯಣಮ್ಮ. "ನಿಮಗೆ ನನ್ ಮಣ್ಣು ಗುರುತು ಸಿಕ್ಕಲ್ಲ."

ಗೂಡು ಹೊಸಕೆರೆಹಳ್ಳಿಯ ಆಚೆ ತಗ್ಗಿನಲ್ಲಿತ್ತು. ಒಂದು ಗೂಡಿಗೆ ಆಗಲೇ ಬೆಂಕಿ ಹಾಕಿದ್ದರು. ಸಂದುಗಳಿಂದ ಹೊಗೆ ಏಳುತ್ತಿತ್ತು. ನಾರಾಯಣಮ್ಮನ ಮಣ್ಣಿನ ಒಂದು ಭಾಗ ಇನ್ನೂ ಗುಡ್ಡೆಯಾಗಿಯೇ ಬಿದ್ದಿತ್ತು. ಇನ್ನೊಂದು ಭಾಗ ಇಟ್ಟಿಗೆಯಾಗಿ ಬಯಲ ತುಂಬ ಸಾಲುಸಾಲಾಗಿ ಒಣಗುತ್ತಿತ್ತು. ಮಿಕ್ಕದ್ದು ಗೂಡಿನೊಳಗೆ ಸುಡುತ್ತಿತ್ತು. ಅವಳು ಹಸಿ ಇಟ್ಟಿಗೆಯ ಸಾಲಿನಲ್ಲಿ ಬಗ್ಗಿ ಒಂದನ್ನು ಎತ್ತಿ ಮೂಸಿದಳು. ಅದರ ಮಗ್ಗುಲಲ್ಲಿ ಒಂದು ಒಣ ರಾಗಿ ಕೂಳೆ ಸಿಕ್ಕಿಕೊಂಡಿತ್ತು.

"ಇದು ನಂದು. ಈ ಸಾಲೆಲ್ಲ ನಂದು."

"ಹಸಿ ಇಟ್ಟಿಗೆ ತಗೊಂಡೋಗಿ ಏನ್ ಮಾಡ್ತೀರಮ್ಮ?" ಗಂಗಾಧರಯ್ಯ ಅಂದ. "ಗುಡ್ಡೆ ಕೊಡಿಸ್ತೀನಿ, ಅಷ್ಟಕ್ಕೆ ಬಿಡಿ."

"ಸುಟ್ಟದ್ದು ಮಣ್ಣಾಗಲ್ಲ. ಸುಡದೇ ಇರೋದು ಇನ್ನೂ ಮಣ್ಣೇ. ಇವೂ ಬರಬೇಕು."

ಅಚ್ಚಿನ ಮುಂದೆ ಕುಕ್ಕರಗಾಲಲ್ಲಿ ಕೂತು ಇಟ್ಟಿಗೆ ತಟ್ಟುತ್ತಿದ್ದ ಹೆಂಗಸು ಕೆಲಸ ನಿಲ್ಲಿಸಿ ಎದ್ದಳು. ಶಿವಬಸಮ್ಮ ಎಂದು ಅವಳ ಹೆಸರು. ತುಮಕೂರಿನ ಕಡೆಯಿಂದ ಗಂಡನ ಜತೆ ಕೂಲಿಗೆ ಬಂದವಳು. ಮೊಣಕೈವರೆಗೂ ಕೆಸರು ಮೆತ್ತಿತ್ತು.

"ಯಾರಕ್ಕ ನೀನು?" ಅಂದಳು. "ಆ ಸಾಲೆಲ್ಲ ನನ್ ಕೈಯಾಗೆ ತಟ್ಟಿದ್ದು. ಸೊಂಟ ಬಿದ್ದೋಗದೆ. ನೀನು ತಗೊಂಡೋದ್ರೆ ನಂಗೆ ಕೂಲಿ ಯಾರು ಕೊಡ್ತಾರೆ? ಇಟ್ಟಿಗೆ ಲೆಕ್ಕಕ್ಕೆ ಕೂಲಿ ನಮಗೆ. ಇಟ್ಟಿಗೆ ಇಲ್ಲ ಅಂದ್ರೆ ಅದೂ ಇಲ್ಲ."

ನಾರಾಯಣಮ್ಮ ಕೈಯಲ್ಲಿದ್ದ ಇಟ್ಟಿಗೆಯನ್ನು ಮಗುಚಿ ನೋಡಿದಳು. ಅದರ ಮೇಲೆ ಶಿವಬಸಮ್ಮನ ಬೆರಳಚ್ಚು ಎದ್ದು ಕಾಣುತ್ತಿತ್ತು. ಅವಳು ಅದನ್ನು ಸಾಲಿನಲ್ಲಿ ಮೆಲ್ಲಗೆ ಇಟ್ಟಳು.

"ನೀನೇಳೋದು ಸರಿ ಕಣಕ್ಕ," ಅಂದಳು. ಗಂಗಾಧರಯ್ಯನ ಕಡೆ ತಿರುಗಿದಳು. "ಮೊದಲು ಈಯಮ್ಮನ ಕೂಲಿ ಕೊಡಿ. ಈಗಲೇ, ಇಲ್ಲೇ. ಆಮೇಲೆ ಇಟ್ಟಿಗೆ ಲಾರಿಗೆ ತುಂಬ್ಸಿ."

"ನಾನ್ಯಾಕಮ್ಮ ಕೊಡ್ಲಿ? ಗೂಡಿನ ಯಜಮಾನರು ಕೊಡ್ಬೇಕು."

"ನನ್ ಮಣ್ಣು ಅವರಿಗೆ ಮಾರಿದ್ದು ನೀವು. ಇಲ್ದಿದ್ರೆ ಇಬ್ರೂ ಇಲ್ಲೇ ಕೂತ್ಕೋತೀವಿ. ಏನಂತೀಯಕ್ಕ?"

ಶಿವಬಸಮ್ಮ ಕೆಸರು ಕೈಯನ್ನು ಸೀರೆಗೆ ಒರೆಸಿಕೊಂಡು ಬಂದು ಇಟ್ಟಿಗೆಯ ಸಾಲಿನ ಮುಂದೆ ಕೂತುಬಿಟ್ಟಳು. ಬಿಸಿಲು ಏರುತ್ತಿತ್ತು. ಚಕ್ರಪಾಣಿ ಬೇವಿನ ಮರದ ನೆರಳಿಗೆ ಹೋಗಿ ನಿಂತ. ಗಂಗಾಧರಯ್ಯ ಸಹಾಯಕ್ಕೆ ಅವನ ಕಡೆ ನೋಡಿದಾಗ ಚಕ್ರಪಾಣಿ ಗೂಡಿನ ಹೊಗೆಯತ್ತ ಮುಖ ತಿರುಗಿಸಿದ. ಗೂಡಿನ ಯಜಮಾನ ಬಂದು ಕೂಗಾಡಿ, ಗಂಗಾಧರಯ್ಯನ ಜತೆ ಜಗಳವಾಡಿ, ಸುಟ್ಟ ಇಟ್ಟಿಗೆಯನ್ನಂತೂ ಒಂದನ್ನೂ ಕೊಡುವುದಿಲ್ಲ ಎಂದು ಹಟ ಹಿಡಿದ. ಸುಟ್ಟದ್ದು ಬೇಕೆಂದು ನಾರಾಯಣಮ್ಮ ಕೇಳಿಯೂ ಇರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಗಂಗಾಧರಯ್ಯ ಎಣಿಸಿಕೊಟ್ಟ ಕೂಲಿ ಶಿವಬಸಮ್ಮನ ಸೆರಗಿನ ತುದಿಯಲ್ಲಿ ಗಂಟಾಯಿತು. ಇಟ್ಟಿಗೆಗಳನ್ನು ಲಾರಿಗೆ ಎತ್ತಿ ಕೊಡಲು ಅವಳೇ ಮೊದಲು ಕೈ ಹಾಕಿದಳು. "ಇನ್ನೂ ಹಸಿ ಅವೆ, ಮೆಲ್ಲಗೆ ಹಿಡೀರಿ," ಎಂದು ಆಳುಗಳಿಗೆ ಹೇಳುತ್ತಿದ್ದಳು. ಅವು ಮತ್ತೆ ಮಣ್ಣಾಗುವುದಕ್ಕೇ ಹೋಗುತ್ತಿವೆ ಎಂಬುದು ನೆನಪಾಗಿ ತಾನೇ ನಕ್ಕಳು.

ಆಮೇಲಿನ ದಿನಗಳಲ್ಲಿ ಹೊಲದ ಕೆಲಸ ನಡೆಯಿತು. ಅಡ್ಡ ನಿಂತ ಗಾಡಿಗಳ ಆಚೆ ಲಾರಿ ಇಳಿಸಿದ ಮಣ್ಣನ್ನೂ ಇಟ್ಟಿಗೆಯನ್ನೂ ಆಳುಗಳು ಮಂಕರಿಯಲ್ಲಿ ಹೊಲಕ್ಕೆ ಹೊತ್ತರು. ಬೋರಿನ ಕೊಳವೆಯನ್ನು ನೇಗಿಲು ತಾಗದಷ್ಟು ಆಳಕ್ಕೆ ಅಗೆದು ಕತ್ತರಿಸಿ, ಒಳಕ್ಕೆ ಸಿಮೆಂಟು ಸುರಿದು ಬಾಯಿ ಮುಚ್ಚಿದರು. ಬರೀ ಒಂದು ಚಪ್ಪಡಿ ಎಳೆದರೆ ಸಾಕು ಎಂದು ಗಂಗಾಧರಯ್ಯನ ಮೇಸ್ತ್ರಿ ಅಂದದ್ದಕ್ಕೆ ಚಕ್ರಪಾಣಿ ಒಪ್ಪಲಿಲ್ಲ. ಬೂದು ಕೆಸರು ತುಂಬಿದ್ದ ಗುಂಡಿಗಳನ್ನು ಬರಿದು ಮಾಡಿ ಗೊರಚಲಿನಿಂದ ಮುಚ್ಚಿದರು. ದಾರಿಯ ಜಲ್ಲಿಯನ್ನು ಆರಿಸಿ ತೆಗೆದರು. ಯಂತ್ರದ ಭಾರಕ್ಕೆ ಕಲ್ಲಿನಂತಾಗಿದ್ದ ನೆಲವನ್ನು ಚಿಕ್ಕಬೈರಪ್ಪ ಎರಡು ಜೊತೆ ಎತ್ತು ಕಟ್ಟಿ ಉದ್ದಕ್ಕೂ ಅಡ್ಡಕ್ಕೂ ಉತ್ತ. ಕೊನೆಗೆ ಮೇಲ್ಮಣ್ಣು ಹರಡಿದರು. ಅದು ಎಲ್ಲ ಕಡೆಗೂ ಸಾಲಲಿಲ್ಲ. ಪಡುವಣ ಅಂಚಿನಲ್ಲಿ ಒಂದು ಪಟ್ಟಿ ಬರೀ ಕೆಂಪಾಗಿಯೇ ಉಳಿಯಿತು. ಅದರ ಮಣ್ಣು ಗೂಡಿನಲ್ಲಿ ಬೆಂದು ಜಯನಗರದ ಯಾವುದೋ ಮನೆಯ ಗೋಡೆ ಸೇರಲಿತ್ತು. ಆ ಪಟ್ಟಿಯ ಮೇಲೆ ಹಸಿ ಇಟ್ಟಿಗೆಗಳನ್ನು ಹಾಸಿದರು. ಅಷ್ಟರೊಳಗೆ ಅವು ಬಿಸಿಲಿಗೆ ಒಣಗಿ ಬಿರುಸಾಗಿದ್ದವು. ಹೆಂಟೆ ಒಡೆಯುವ ಮರದ ಕೊಡತಿಯಲ್ಲಿ ಹೊಡೆದರೆ ಕೊಡತಿಯೇ ಪುಟಿಯುತ್ತಿತ್ತು.

ಯಂತ್ರ ಹೊರಟ ದಿನ ಚಿಕ್ಕಬೈರಪ್ಪ ಚಕ್ರ ಏರಿಸಿ, ಕಡಾಣಿ ಬಡಿದು, ಗಾಡಿಗಳನ್ನು ಪಕ್ಕಕ್ಕೆ ಎಳೆದ. ಯಂತ್ರ ತಡವಾಗಿದ್ದಕ್ಕೆ ಮೇಲಿನವರು ಕಾರಣ ಕೇಳಿದ್ದಾರೆಂದೂ, ತಡ ಮಾಡಿದ್ದು ತಾನೇ ಎಂದು ಹೇಳುವುದಾಗಿಯೂ ಚಕ್ರಪಾಣಿ ಹೇಳಿದ. "ಏನ್ ಮಾಡ್ತಾರೋ ಮಾಡ್ಲಿ ಬಿಡಿ," ಎಂದ. ಹಾಗೆ ಹೇಳಿದ್ದು ಅವನಿಗೇ ಹಿಡಿಸಿದಂತಿತ್ತು. ನಾರಾಯಣಮ್ಮ ಅವನ ಕೈಗೆ ಒಂದು ಸೇರು ಅವರೆಬೇಳೆ ಕೊಟ್ಟಳು. ಅವನು ಅದನ್ನು ಟೊಪ್ಪಿಗೆಯಲ್ಲಿ ಹಾಕಿಸಿಕೊಂಡ.

ತಿಮ್ಮರಾಯಪ್ಪ ತಮ್ಮನ ಮನೆಯವರೊಡನೆ ಮಾತು ಬಿಟ್ಟ. ಜಗಲಿಯ ನಡುವೆ ಒಂದು ಗೋಡೆ ಎದ್ದಿತು. ಚಿಕ್ಕಬೈರಪ್ಪ ಕೆಲವು ದಿನ ಊಟ ಸರಿಯಾಗಿ ಮಾಡಲಿಲ್ಲ. ಒಂದು ಸಂಜೆ, "ತಪ್ಪು ಮಾಡಿದ್ನಾ?" ಎಂದು ಹೆಂಡತಿಯನ್ನು ಕೇಳಿದ. "ನಿಮಗೇನನ್ನಿಸ್ತದೆ?" ಅಂದಳು ಅವಳು. ಅವನು ಮುದ್ದೆ ಮುರಿಯುತ್ತಾ ಯೋಚಿಸಿದ. "ಇಲ್ಲ," ಅಂದ. ಮತ್ತೆ ಸ್ವಲ್ಪ ಹೊತ್ತಿಗೆ, "ಇನ್ನೊಂದು ಮುದ್ದೆ ಇಕ್ಕು," ಅಂದ.

ಮಳೆ ಒಂದು ಮಧ್ಯಾಹ್ನ, ಎಲ್ಲರೂ ಹೊಲದಲ್ಲಿದ್ದಾಗಲೇ ಬಂತು. ದೊಡ್ಡ ಹನಿಗಳು ಮೊದಲು ಧೂಳಿನಲ್ಲಿ ಕುಳಿ ಬೀಳಿಸಿ, ಆಮೇಲೆ ಒಂದೇ ಸಮನೆ ಸುರಿದವು. ಚಿಕ್ಕಬೈರಪ್ಪ ಗೋಣಿ ಕೊಪ್ಪೆ ತಲೆಗೆ ಹಾಕಿಕೊಂಡು ಎತ್ತುಗಳನ್ನು ಹೊಂಗೆ ಮರದಡಿಗೆ ಹೊಡೆದ. "ಬಾ ಈ ಕಡೆ, ನೆನೀತೀಯ," ಎಂದು ಕೂಗಿದ. ನಾರಾಯಣಮ್ಮ ಪಡುವಣ ಅಂಚಿನಲ್ಲೇ ನಿಂತಿದ್ದಳು. ಇಟ್ಟಿಗೆಗಳ ಮೇಲೆ ಗೂಡಿನವರು ಒತ್ತಿದ್ದ ಯಾವುದೋ ಅಕ್ಷರಗಳ ಹಳ್ಳದಲ್ಲಿ ನೀರು ತುಂಬಿತ್ತು. ಮೊದಲು ಮೂಲೆಗಳು ದುಂಡಗಾದವು. ಆಮೇಲೆ ಅಕ್ಷರದ ಅಂಚು ಕುಸಿಯಿತು. ಅವಳು ಒಂದು ಕಾಲನ್ನು ಇಟ್ಟಿಗೆಯ ಮೇಲೆ ಊರಿದಳು; ಅದು ನಿಧಾನವಾಗಿ ತಗ್ಗಿ, ಬೆರಳ ಸಂದುಗಳಿಂದ ಕರೀ ಮಣ್ಣಾಗಿ ಉಕ್ಕಿತು.